ದೀಕ್ಷಾಸ್ನಾನ 1883ರಲ್ಲಿ ಆಯಿತು, ಬದಲಾವಣೆ ಯಾವಾಗ ಆಯಿತು? ಪಂಡಿತಾ ರಮಾಬಾಯಿ ಪ್ರಕರಣ

ಕ್ರೈಸ್ತ ಸಭೆಯಲ್ಲಿ ತಮ್ಮ ನಂಬಿಕೆಯ ಸಾಕ್ಷಿ ಹೇಳೋಕೆ ನಿಂತವರಿಂದ ಎಲ್ಲರೂ ಒಂದು ತಾರೀಖು ನಿರೀಕ್ಷಿಸುತ್ತಾರೆ. ಇಂಥ ದಿನ, ಇಂಥ ಕೂಟದಲ್ಲಿ, ಇಂಥ ವಾಕ್ಯ ಕೇಳಿ ನಾನು ಬದಲಾದೆ ಅಂತ. ಅದಕ್ಕೆ ಮುಂಚೆ ಬರೀ ಕತ್ತಲೆ, ಆಮೇಲೆ ಬರೀ ಬೆಳಕು. ಕೆಲವರ ಬದುಕಿನಲ್ಲಿ ಹಾಗೇ ಆಗಿರಬಹುದು, ಇಲ್ಲ ಅನ್ನಲ್ಲ. ಆದರೆ ಕ್ರಿಸ್ತನ ಮೇಲಿನ ನಂಬಿಕೆ ಒಬ್ಬ ಮನುಷ್ಯರನ್ನು ಒಳಗಿನಿಂದ ಹೇಗೆ ಬದಲಾಯಿಸುತ್ತದೆ ಅಂತ ಬಿಡಿಸಿ ನೋಡಬೇಕು ಅನ್ನಿಸಿದಾಗ ನನಗೆ ನೆನಪಾಗುವುದು ಸಂಸ್ಕೃತ ವಿದ್ವಾಂಸೆಯಾಗಿದ್ದು ಕ್ರೈಸ್ತರಾಗಿ ವಿಧವೆಯರಿಗೆ ಶಾಲೆ ಕಟ್ಟಿದ ಪಂಡಿತಾ ರಮಾಬಾಯಿ. ಅವರ ಕಥೆಯಲ್ಲೂ ತಾರೀಖು ಇದೆ, ದೀಕ್ಷಾಸ್ನಾನ ಪಡೆದು ಕ್ರೈಸ್ತರಾದ 1883ರ ಸೆಪ್ಟೆಂಬರ್ 29. ಹೊಗಳುವವರೂ ಬೈಯುವವರೂ ಅದನ್ನೇ ಹಿಡಿದುಕೊಂಡು ಕೂತಿದ್ದಾರೆ. ಇಡೀ ಪ್ರಕರಣದಲ್ಲಿ ಅತ್ಯಂತ ಕಡಿಮೆ ವಿಷಯ ಇರುವ ದಿನ ಅದೇ ಅಂತ ನನ್ನ ಅಭಿಪ್ರಾಯ.

ರಮಾಬಾಯಿ ಹುಟ್ಟಿದ್ದು ನಮ್ಮ ಕಡೆಯೇ. 1858ರ ಏಪ್ರಿಲ್‌ನಲ್ಲಿ, ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಘಟ್ಟದ ಕಾಡು ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು, ಮನೆಮಾತು ಮರಾಠಿ. ಅವರಿಗೆ ಒಂದು ಹಟ ಇತ್ತು. ಹೆಂಡತಿಗೆ ಸಂಸ್ಕೃತ ಕಲಿಸಬೇಕು. ಪೇಶ್ವೆಯ ಅರಮನೆಯಲ್ಲಿ ರಾಣಿಯೊಬ್ಬಳು ಸಂಸ್ಕೃತ ಓದುವುದನ್ನು ಕಂಡು ಹತ್ತಿದ ಹಟ ಅಂತೆ. ಊರವರು ಬಿಡ್ತಾರಾ? ಉಡುಪಿಯಲ್ಲಿ ಮಾಧ್ವ ಗುರುಗಳ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಅವರು ಶಾಸ್ತ್ರಗಳಿಂದಲೇ ಸಾಕ್ಷಿ ಎತ್ತಿ ತೋರಿಸಿ ಬಂದರು. ವೇದ ಬಿಟ್ಟು ಉಳಿದದ್ದನ್ನು ಹೆಂಗಸರು ಓದಬಹುದು ಅಂತ. ಹಾಗೆ ಕಲಿತ ತಾಯಿ ಲಕ್ಷ್ಮೀಬಾಯಿಯೇ ರಮಾಬಾಯಿಗೆ ಗುರು. ಬೆಳಗಿನ ಜಾವ, ಮನೆಗೆಲಸ ಶುರುವಾಗುವ ಮುಂಚೆ, ನಿದ್ದೆಗಣ್ಣಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಾಠ. ಹನ್ನೆರಡು ವರ್ಷಕ್ಕೆ ಭಾಗವತದ 18,000 ಶ್ಲೋಕ ಬಾಯಿಪಾಠ.

ಮನೆ ಅಂತ ಒಂದು ಇರಲಿಲ್ಲ. ಮಗುವಿಗೆ ಆರು ತಿಂಗಳು ಆದಾಗಲೇ ಸಂಸಾರ ತೀರ್ಥಯಾತ್ರೆಗೆ ಹೊರಟಿತ್ತು, ಮಗು ಬೆತ್ತದ ಬುಟ್ಟಿಯಲ್ಲಿ. ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದುವುದು, ಬಂದ ಕಾಣಿಕೆಯಲ್ಲಿ ಊಟ, ಉಳಿದದ್ದು ದಾನ. ಬೇರೆ ಯಾವ ಕೆಲಸವನ್ನೂ ಮಕ್ಕಳಿಗೆ ಕಲಿಸಲಿಲ್ಲ. ದೇವರು ನೋಡಿಕೊಳ್ಳುತ್ತಾನೆ ಅನ್ನುವ ನಂಬಿಕೆ. ಊರೂರು ತಿರುಗಿ ಕನ್ನಡ, ಹಿಂದೂಸ್ತಾನಿ ಎಲ್ಲ ಬಾಯಿಗೆ ಬಂದವು. ಹೊಟ್ಟೆಪಾಡಿನ ದಾರಿ ಮಾತ್ರ ಬರಲಿಲ್ಲ.

1870ರ ದಶಕದ ಬರ ಇವರನ್ನು ಹಿಡಿದದ್ದು ಆ ಸ್ಥಿತಿಯಲ್ಲಿ. ಮೊದಲು ಒಡವೆ ಮಾರಿದರು, ಆಮೇಲೆ ಬೆಳ್ಳಿ, ಆಮೇಲೆ ತಾಮ್ರದ ಪಾತ್ರೆ. ಕೂಲಿ ಮಾಡಲು ಮರ್ಯಾದೆ ಅಡ್ಡ ಬಂತು. ಭಿಕ್ಷೆ ಬೇಡಲೂ ನಾಚಿಕೆ. ಇದ್ದಬದ್ದ ಹಣವನ್ನು ಬ್ರಾಹ್ಮಣರಿಗೆ ದಾನ ಕೊಟ್ಟು ದೇವರನ್ನು ಮೆಚ್ಚಿಸಲು ನೋಡಿದರು. ಕೊನೆಗೆ ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಕಾಡು ಈಚಲ ಹಣ್ಣು. ತಂದೆ ತೀರಿಕೊಂಡರು. ಕೆಲವೇ ವಾರಕ್ಕೆ ತಾಯಿಯೂ ಹೋದರು. ತಾಯಿಯ ಹೆಣ ಹೊರಲು ಜನ ಇಲ್ಲ. ಸ್ಮಶಾನ ಮೂರು ಮೈಲಿ ದೂರ. ಹೇಗೋ ಇಬ್ಬರು ಬ್ರಾಹ್ಮಣರು ಒಪ್ಪಿದರು, ಅಣ್ಣ ಮೂರನೆಯವನು, ನಾಲ್ಕನೆಯ ಹೆಗಲು ಮಗಳದೇ ಆಗಬೇಕಾಯಿತು. ಆಕೆ ಕುಳ್ಳಿ. ಹೆಗಲ ಎತ್ತರ ಸಾಲದೆ ಚಟ್ಟದ ಆ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದಳು.

ಈ ಬರದ ನೆನಪನ್ನು ಸ್ವಲ್ಪ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ. ಮತಾಂತರದ ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ಕಣ್ಣೀರು ತರಿಸುವ ಹಿನ್ನೆಲೆ ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗನ್ನಿಸುವಂತೆ ಆಮೇಲಿನ ಎಲ್ಲದಕ್ಕೂ ಕೀಲಿ ಇಲ್ಲೇ ಇದೆ.

ಅಣ್ಣ ತಂಗಿ ಇಬ್ಬರೇ ಉಳಿದು, ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ತಿರುಗಿ 1878ರಲ್ಲಿ ಕಲ್ಕತ್ತೆ ತಲುಪಿದರು. ಅಲ್ಲಿನ ಪಂಡಿತರು ಪರೀಕ್ಷೆ ಮಾಡಿ ಈ ಇಪ್ಪತ್ತು ವರ್ಷದ ಹುಡುಗಿಗೆ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. ಅಲ್ಲೇ ಮೊದಲ ಸಲ ಕ್ರೈಸ್ತರ ಕೂಟ ನೋಡಿದ್ದು. ಪಾಪ, ಇಬ್ಬರಿಗೂ ಏನೂ ಅರ್ಥ ಆಗಲಿಲ್ಲ. ಎಲ್ಲರೂ ಕುರ್ಚಿಯ ಕಡೆ ತಿರುಗಿ ಮೊಣಕಾಲೂರಿ ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದರು. ಇವರು ಕುರ್ಚಿಯನ್ನೇ ಪೂಜೆ ಮಾಡ್ತಾರೆ ಅಂದುಕೊಂಡರಂತೆ! ಸಂಸ್ಕೃತದ ಬೈಬಲ್ ಒಂದನ್ನು ಕೊಟ್ಟು ಕಳಿಸಿದರು. ಓದಿದರೆ ತಲೆಬುಡ ತಿಳಿಯಲಿಲ್ಲ. ಹಾಗಾಗಿ ಮಿಷನರಿಗಳು ಬಂದು ಮರುಳು ಮಾಡಿದರು ಅನ್ನುವ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ಮೊದಲ ಭೇಟಿಯಲ್ಲಿ ಅವರು ಏನನ್ನೂ ಸಾಧಿಸಲಿಲ್ಲ.

ಹಳೆಯ ನಂಬಿಕೆ ಕಳಚಿದ್ದು ಬೇರೆ ಕಡೆಯಿಂದ. ಪರದೆಯ ಹಿಂದೆ ಮನೆಯೊಳಗೇ ಇರುವ ಹೆಂಗಸರಿಗೆ ಉಪನ್ಯಾಸ ಕೊಡಿ ಅಂತ ಕೇಳಿದ್ದರಿಂದ ರಮಾಬಾಯಿ ಧರ್ಮಶಾಸ್ತ್ರಗಳನ್ನು ಕೂತು ಓದಿದರು. ಸ್ಮೃತಿ, ಪುರಾಣ, ಮಹಾಕಾವ್ಯ ಒಂದಕ್ಕೊಂದು ಎಷ್ಟೋ ವಿಷಯದಲ್ಲಿ ತಾಳೆ ಆಗುವುದಿಲ್ಲ, ಎರಡು ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಒಮ್ಮತ ಅಂತ ಅವರು ಆಮೇಲೆ ಬರೆದರು: ಹೆಂಗಸರು ಕೆಟ್ಟವರು, ಮತ್ತು ಮೇಲ್ಜಾತಿ ಗಂಡಸರಿಗೆ ಇರುವ ಹಾಗೆ ಹೆಂಗಸರಿಗೂ ಶೂದ್ರರಿಗೂ ಮೋಕ್ಷ ಇಲ್ಲ. ಈ ತೀರ್ಮಾನ ಪೂರ್ತಿ ಸರಿಯೋ ತಪ್ಪೋ ಅಂತ ಪಂಡಿತರು ಜಗಳ ಆಡಲಿ. ಅದಕ್ಕೆ ಬಂದದ್ದು ಹೊರಗಿನವರಲ್ಲ, ಆ ಗ್ರಂಥಗಳನ್ನು ಬಾಯಿಪಾಠ ಮಾಡಿದ್ದ ಹೆಂಗಸು ಅನ್ನುವುದು ಮುಖ್ಯ, ಅಲ್ವಾ?

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರ ಜೊತೆ ಮದುವೆ, ಜಾತಿ ಬೇರೆ, ಆದ್ದರಿಂದ ರಿಜಿಸ್ಟರ್ ಮದುವೆ. ಅಸ್ಸಾಮಿನ ಸಿಲ್ಚಾರ್‌ನ ಮನೆಯಲ್ಲಿ, ಗಂಡನ ಪುಸ್ತಕಗಳ ನಡುವೆ, ಯೇಸುವಿನ ಜೀವನ ಹೇಳುವ ಲೂಕನ ಸುವಾರ್ತೆಯ ಒಂದು ಸಣ್ಣ ಬಂಗಾಳಿ ಪುಸ್ತಕ ಸಿಕ್ಕಿತು. ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಬಂದು ಬೈಬಲಿನ ಆದಿಕಾಂಡದ ಸೃಷ್ಟಿಯ ಕಥೆ ವಿವರಿಸಿದರು. ಇಷ್ಟ ಆಯಿತು. ಗಂಡನಿಗೆ ಸರಿಬರಲಿಲ್ಲ. ಮಗಳು ಮನೋರಮಾ 1881ರಲ್ಲಿ ಹುಟ್ಟಿದಳು, 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಹೋದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆ, ಕೈಯಲ್ಲಿ ಕೂಸು, ಹಿಂದೆಮುಂದೆ ಯಾರೂ ಇಲ್ಲ.

ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು, ಬ್ರಿಟಿಷ್ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಹೆಣ್ಣು ಡಾಕ್ಟರು, ಹೆಣ್ಣು ಮೇಷ್ಟ್ರು ಬೇಕು ಅಂತ ವಾದಿಸಿದರು. ವೈದ್ಯಕೀಯ ಓದುವ ಆಸೆಯಿಂದ, ತನ್ನ ಮರಾಠಿ ಪುಸ್ತಕ ಮಾರಿ ಬಂದ ಹಣದಲ್ಲಿ, 1883ರಲ್ಲಿ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಊರಿನ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಸಭೆಗೆ ಸೇರಿದ, ಸಿಸ್ಟರ್‌ಗಳ ಮಠದಲ್ಲಿ ಉಳಿದರು. ಕಿವಿ ಮಂದವಾಗುತ್ತಿದ್ದುದರಿಂದ ಡಾಕ್ಟರ್ ಓದು ಕೈಬಿಟ್ಟಿತು.

ಇಲ್ಲಿ ಒಂದು ಘಟನೆ. ಸಿಸ್ಟರ್‌ಗಳು ಅವರನ್ನು ಲಂಡನ್ನಿನ ಫುಲ್ಹಾಮ್‌ನಲ್ಲಿದ್ದ ತಮ್ಮ ಆಶ್ರಯಮನೆಗೆ ಕರೆದುಕೊಂಡು ಹೋದರು. ಬೀದಿಗೆ ಬಿದ್ದ, ಸಮಾಜ ಕೆಟ್ಟವರು ಅಂತ ತಳ್ಳಿಬಿಟ್ಟ ಹೆಂಗಸರು ಅಲ್ಲಿದ್ದರು. ಅಂಥವರನ್ನು ಮುಟ್ಟಿಸಿಕೊಳ್ಳುವುದೂ ಬೇಡ ಅನ್ನುವ ಲೋಕದಿಂದ ಬಂದವರು ರಮಾಬಾಯಿ. ಇಲ್ಲಿ ನೋಡಿದರೆ ಒಳ್ಳೆ ಮನೆತನದ ಹೆಂಗಸರು ಅವರ ಜೊತೆ ಕೂತು ಉಣ್ಣುತ್ತಾರೆ, ಕಾಯಿಲೆ ಬಂದರೆ ಆರೈಕೆ ಮಾಡುತ್ತಾರೆ. ಅಲ್ಲಿದ್ದ ಕೆಲವರು ಎಷ್ಟು ಬದಲಾಗಿದ್ದರು ಅಂದರೆ ತಾವೇ ಕಾಯಿಲೆಯವರ ಸೇವೆಗೆ ನಿಂತಿದ್ದರು. ಇದನ್ನೆಲ್ಲ ಯಾಕೆ ಮಾಡ್ತೀರಿ ಅಂತ ರಮಾಬಾಯಿ ಸಿಸ್ಟರ್ ಒಬ್ಬರನ್ನು ಕೇಳಿದರು. ಅದಕ್ಕೆ ಆಕೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ಅನ್ನುವ ತ್ರಿಯೇಕ ದೇವರ ಬಗ್ಗೆ ಉಪದೇಶ ಕೊಡಲಿಲ್ಲ, ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿ ಹೇಳಿದರು. ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಜೊತೆ ಯೇಸು ಮಾತಾಡುವ ಕಥೆ. ಐದು ಗಂಡಂದಿರನ್ನು ಕಂಡವಳು, ಮೇಲಾಗಿ ಯೆಹೂದ್ಯರು ದೂರ ಇಡುವ ಕುಲದವಳು. ಅಂಥವಳ ಹತ್ತಿರ ಕುಡಿಯಲು ನೀರು ಕೇಳುವವನು ಯೇಸು. ಬಾವಿ, ಕೊಡ, ಮೈಲಿಗೆ: ಭಾರತದ ಹೆಂಗಸಿಗೆ ಇದರಲ್ಲಿ ವಿವರಿಸಿ ಹೇಳಬೇಕಾದ್ದು ಏನೂ ಇಲ್ಲ.

ನಮ್ಮ ದೇಶದ ತುಳಿತಕ್ಕೆ ಸಿಕ್ಕ ಹೆಣ್ಣನ್ನು ಎತ್ತಲು ಈ ಕ್ರಿಸ್ತನಿಂದ ಮಾತ್ರ ಸಾಧ್ಯ ಅಂತ ಆಗ ಅನ್ನಿಸಿತು ಅಂತ ಅವರು 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಹೇಳುತ್ತಾರೆ. ಗಮನಿಸಿ, ಮೊದಲು ಕೆಲಸ ಕಂಡಿತು, ಆಮೇಲೆ ಪುಸ್ತಕ ತೆರೆಯಿತು. ಕಲ್ಕತ್ತೆಯಲ್ಲಿ ಪುಸ್ತಕ ಮೊದಲು ಕೊಟ್ಟಾಗ ಏನೂ ಆಗಿರಲಿಲ್ಲ.

ಆದರೆ ಆ ದಿನಗಳು ಸುಖದ ದಿನಗಳೇನೂ ಅಲ್ಲ. ಭಾರತದಿಂದ ಜೊತೆಗೆ ಬಂದಿದ್ದ ಗೆಳತಿ ವಾಂಟೇಜ್‌ನಲ್ಲೇ ತನ್ನ ಜೀವ ತೆಗೆದುಕೊಂಡರು. ಅದಾದ ಸ್ವಲ್ಪ ದಿನಕ್ಕೆ ರಮಾಬಾಯಿಗೂ ಮಗಳಿಗೂ ದೀಕ್ಷಾಸ್ನಾನ. ಆ ಆಘಾತಕ್ಕೂ ಈ ನಿರ್ಧಾರಕ್ಕೂ ಎಷ್ಟು ನಂಟು ಅಂತ ಇವತ್ತು ಕೂತು ಲೆಕ್ಕ ಹಾಕುವುದು ಕಷ್ಟ. ಭಕ್ತಿಯಿಂದ ಬರೆದ ಜೀವನಚರಿತ್ರೆಗಳು ಆ ಸಾವನ್ನು ಬೇಗ ದಾಟಿ ಹೋಗುತ್ತವೆ. ದಾಟಬಾರದು.

ಇನ್ನು ನನಗೆ ತುಂಬ ಇಷ್ಟವಾದ ಭಾಗ. ದೀಕ್ಷಾಸ್ನಾನ ಆದಮೇಲೆ ರಮಾಬಾಯಿ ತಲೆಬಗ್ಗಿಸಿ ಹೇಳಿದ್ದು ಕೇಳಿಕೊಂಡು ಇದ್ದರು ಅಂದುಕೊಂಡಿರಾ? ಇಲ್ಲವೇ ಇಲ್ಲ. ತನ್ನನ್ನು ನಂಬಿಕೆಗೆ ತಂದ ಸಿಸ್ಟರ್ ಜೆರಾಲ್ಡಿನ್ ಜೊತೆ ಪತ್ರದ ಮೇಲೆ ಪತ್ರ ಜಗಳ. ಕ್ರಿಸ್ತನ ದೈವತ್ವ, ತ್ರಿಯೇಕತ್ವ, ಸಭೆಯ ಅಧಿಕಾರ, ಎಲ್ಲದರ ಮೇಲೂ ಪ್ರಶ್ನೆ. ಮಾಂಸಾಹಾರ ಮುಟ್ಟಲಿಲ್ಲ. ಶಿಲುಬೆಯ ಮೇಲಿನ ಬರಹ ಲ್ಯಾಟಿನ್‌ನಲ್ಲೇ ಯಾಕೆ ಇರಬೇಕು, ಸಂಸ್ಕೃತದಲ್ಲಿ ಯಾಕೆ ಬೇಡ ಅಂದರು. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಊರಿನಲ್ಲಿ ಗಂಡಸರಿಗೂ ಪಾಠ ಹೇಳಬೇಕು ಅಂದಾಗ ಬಿಷಪ್‌ಗಳು ಬೇಡ ಅಂದರು. ಅದಕ್ಕೂ ಉತ್ತರ ಹೋಯಿತು. ಭಾರತದ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿ ಬಂದಿದ್ದೇನೆ, ಇನ್ನೊಂದು ಅಂಥದೇ ನೊಗಕ್ಕೆ ಕುತ್ತಿಗೆ ಕೊಡಲ್ಲ ಅನ್ನುವ ಅರ್ಥದಲ್ಲಿ ಬರೆದರು. ಉಡುಪಿಯಲ್ಲಿ ಉತ್ತರ ಕೊಟ್ಟ ಅಪ್ಪನ ಮಗಳು, ಇನ್ನೇನು ಮಾಡಿಯಾಳು.

ಅವಿಧೇಯತೆ, ಅಹಂಕಾರ ಅಂತ ಆ ಸಿಸ್ಟರ್‌ಗಳಿಗೆ ಅನ್ನಿಸಿತು. ಇವತ್ತು ನಮ್ಮ ಎಷ್ಟೋ ಸಭೆಗಳಲ್ಲೂ ಹಾಗೇ ಅನ್ನುತ್ತಾರೆ, ಪ್ರಶ್ನೆ ಕೇಳಿದವರಿಗೆ ನಂಬಿಕೆ ಸಾಲದು ಅಂತ. ಈ ಪ್ರಕರಣ ಬೇರೆಯದನ್ನು ತೋರಿಸುತ್ತದೆ. ಆ ಪ್ರಶ್ನೆಗಳು ಇಲ್ಲದೇ ಹೋಗಿದ್ದರೆ ರಮಾಬಾಯಿ ವಾಂಟೇಜ್‌ನ ಮಠದ ಒಂದು ಹೆಮ್ಮೆಯ ಫಲವಾಗಿ ಅಲ್ಲೇ ಉಳಿದುಬಿಡುತ್ತಿದ್ದರು.

1886ರಲ್ಲಿ ಅಮೆರಿಕಕ್ಕೆ ಹೋದರು. ದೂರದ ಸಂಬಂಧಿ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು. ಅಲ್ಲಿ ಊರೂರು ಮಾತಾಡಿದರು, ಮೇಲ್ಜಾತಿ ಹೆಂಗಸರ ಸ್ಥಿತಿಯ ಮೇಲೆ ಇಂಗ್ಲಿಷ್ ಪುಸ್ತಕ ಬರೆದರು. ಬಾಸ್ಟನ್‌ನಲ್ಲಿ ಅವರ ಹೆಸರಿನ ಸಂಘ ಹುಟ್ಟಿ ಹತ್ತು ವರ್ಷ ನೆರವು ಕೊಡಲು ಒಪ್ಪಿತು. 1889ರ ಮಾರ್ಚ್‌ನಲ್ಲಿ ಬೊಂಬಾಯಿಯಲ್ಲಿ ವಿಧವೆಯರ ಶಾಲೆ ಶಾರದಾ ಸದನ ಶುರು. ಅಲ್ಲಿ ಓದಿದ ಮೊದಲ ವಿಧವೆಯರಲ್ಲಿ ಗೋದೂಬಾಯಿಯೂ ಒಬ್ಬರು, ಮುಂದೆ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದವರು. ಶಾಲೆಯಲ್ಲಿ ಯಾವ ಧರ್ಮವನ್ನೂ ಬೋಧಿಸುವುದಿಲ್ಲ ಅನ್ನುವ ಕರಾರು ಇತ್ತು.

ಹೊರಗಿಂದ ನೋಡಿದರೆ ಎಲ್ಲ ಆಯಿತು. ಕ್ರೈಸ್ತರಾದರು, ಸೇವೆಯನ್ನೂ ಶುರು ಮಾಡಿದರು. ಆದರೆ ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮೇಲೆ, 1891ರ ಹೊತ್ತಿಗೆ, ಒಳಗೆ ಏನೋ ಖಾಲಿ ಅನ್ನಿಸತೊಡಗಿತು. ಒಬ್ಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ ಕೈಗೆ ಸಿಕ್ಕಿತು. ವರ್ಷಗಟ್ಟಲೆ ಪ್ರಸಂಗ ಮಾಡಿದ ಮೇಲೆ, ತಾನು ಹೇಳುತ್ತಿರುವುದು ತನಗೇ ಆಗಿಲ್ಲ ಅಂತ ಕಂಡುಕೊಂಡ ಮನುಷ್ಯ ಆತ. ರಮಾಬಾಯಿಗೆ ಚುಚ್ಚಿತು. ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಅಂತ ತಮ್ಮ ಬಗ್ಗೆ ಬರೆದುಕೊಂಡರು. ಧರ್ಮ ಒಳ್ಳೆಯದು ಅಂತ ತಲೆ ಒಪ್ಪಿತ್ತು. ಪಾಪ ಕ್ಷಮೆ ಅನ್ನುವುದು ತನಗಾಗಿ, ಈಗಲೇ, ಉಚಿತವಾಗಿ ಅನ್ನುವುದು ಒಳಕ್ಕೆ ಇಳಿದಿರಲಿಲ್ಲ. ಇಳಿದದ್ದು ಆಗ. ಜನಕ್ಕೆ ಗೊತ್ತಿಲ್ಲದ ಎರಡನೇ ತಿರುವು ಅದು. ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ದೊಡ್ಡದು.

ಇದರ ಬೆಲೆ ಬೇಗ ಕಟ್ಟಬೇಕಾಯಿತು. ಶಾಲೆ ಪುಣೆಗೆ ಬಂದಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಬೈಬಲ್ ಓದಿ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರೇ ಬಂದು ಕೂರತೊಡಗಿದರು. ಸುದ್ದಿ ಹಬ್ಬಿತು. ತಿಲಕರ ಕೇಸರಿ ಪತ್ರಿಕೆ ಹರಿಹಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿರಿಯ ಸುಧಾರಕರು ಶಾಲೆಯ ಸಲಹಾ ಮಂಡಳಿ ಬಿಟ್ಟರು, ಹಲವು ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು.

ಇಲ್ಲಿ ರಮಾಬಾಯಿಯದೇ ಪೂರ್ತಿ ಸರಿ ಅನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಕರಾರು ಕರಾರೇ. ಚಿಕ್ಕ ವಯಸ್ಸಿನ, ದಿಕ್ಕಿಲ್ಲದ ಹುಡುಗಿಯರಿಗೆ ಶಾಲೆಯ ಒಡತಿಯ ಪ್ರಾರ್ಥನೆ ಎಂದರೆ ಸುಮ್ನೆ ತೆರೆದ ಬಾಗಿಲು ಮಾತ್ರ ಅಲ್ಲ. ಆ ಹಿರಿಯರ ಸಿಟ್ಟಿಗೂ ಕಾರಣ ಇತ್ತು. ಇನ್ನೊಂದು ಕಡೆ, ತನ್ನ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಅಂತ ಒಬ್ಬ ಹೆಂಗಸಿಗೆ ಹೇಳುವ ಹಕ್ಕು ಯಾರಿಗೆ ಇದೆ? ಎರಡೂ ನಿಜ. ನಂಬಿಕೆ ಜೀವ ಹಿಡಿದಾಗ ಸಂಬಂಧಗಳು ಮುರಿಯುತ್ತವೆ ಅನ್ನುವುದನ್ನು ಸಾಕ್ಷಿ ಹೇಳುವವರು ಅಷ್ಟಾಗಿ ಹೇಳುವುದಿಲ್ಲ. ತಪ್ಪು ಯಾವಾಗಲೂ ಆ ಕಡೆಯವರದೇ ಆಗಿರುತ್ತದೆ.

1896ರಲ್ಲಿ ಮತ್ತೆ ಬರ ಬಂತು, ಈಗ ಮಧ್ಯ ಪ್ರಾಂತ್ಯದಲ್ಲಿ. ಈ ಹೊತ್ತಿಗೆ ರಮಾಬಾಯಿಗೆ ಮೂವತ್ತೆಂಟು. ಹೆಚ್ಚು ಹುಡುಗಿಯರನ್ನು ಸಾಕಲು ದುಡ್ಡಿಲ್ಲ, ಜಾಗ ಇಲ್ಲ. ಹೋಗದೇ ಇರಲು ಕಾರಣ ಬೇಕಾದಷ್ಟಿತ್ತು. ಆದರೆ ಹಳೆಯ ಬರ ಕಣ್ಣ ಮುಂದೆ ಬಂತು ಅಂತ ಅವರೇ ಬರೆದಿದ್ದಾರೆ. ಎಲೆ ತಿಂದು ಬದುಕಿದ ಹುಡುಗಿ, ಆಗ ಒಬ್ಬರಾದರೂ ಬಂದು ಕೈ ಹಿಡಿಯಲಿ ಅಂತ ಕಾದವಳು. ಹೊರಟೇಬಿಟ್ಟರು. ಪರಿಹಾರ ಶಿಬಿರಗಳಲ್ಲಿ ಮೂಳೆ ಚಕ್ಕಳವಾದ ಮಕ್ಕಳನ್ನೂ, ಅನ್ನಕ್ಕಾಗಿ ಮೈ ಮಾರಿಸುವ ದಲ್ಲಾಳಿಗಳನ್ನೂ ಕಂಡರು. ಸುಮಾರು ಮುನ್ನೂರು ಹುಡುಗಿಯರನ್ನು ಕರೆತಂದರು.

ಪುಣೆಯಲ್ಲಿ ಆಗ ಪ್ಲೇಗು. ಇಷ್ಟು ಜನರನ್ನು ಊರೊಳಗೆ ಇಡಲು ಅನುಮತಿ ಸಿಗಲಿಲ್ಲ. ಪುಣೆಯಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಕೆಡಗಾಂವ್‌ನಲ್ಲಿ ಕೊಂಡಿದ್ದ ಜಮೀನಿಗೆ ಎಲ್ಲರನ್ನೂ ಕರೆದುಕೊಂಡು ಹೋದರು. ಅದೇ ಮುಕ್ತಿ ಮಿಷನ್. ಹಾಗಂತ ಕ್ರೈಸ್ತ ಸರ್ಕಾರ ಅಂತ ಬ್ರಿಟಿಷರ ಮುಂದೆ ಸುಮ್ಮನಿರಲಿಲ್ಲ. ಪುಣೆಯ ಪ್ಲೇಗ್ ವ್ಯವಸ್ಥೆಯಲ್ಲಿ ತನ್ನ ಹುಡುಗಿಯೊಬ್ಬಳಿಗೆ ಆದ ಅನ್ಯಾಯವನ್ನು 1897ರಲ್ಲಿ ಪತ್ರಿಕೆಯಲ್ಲಿ ಬರೆದರು, ಅದು ಲಂಡನ್ನಿನ ಪಾರ್ಲಿಮೆಂಟಿನ ತನಕ ಹೋಯಿತು.

1900ರ ಗುಜರಾತಿನ ಬರ ಆದಮೇಲೆ ಮುಕ್ತಿಯಲ್ಲಿ ಸುಮಾರು ಎರಡು ಸಾವಿರ ಜನ. ಊಟ ಹಾಕಿ ಪ್ರಾರ್ಥನೆ ಕಲಿಸಿ ಕೂರಿಸಿದ್ದರೆ ಅದು ಇನ್ನೊಂದು ಅನಾಥಾಶ್ರಮ ಆಗುತ್ತಿತ್ತು. ಅಲ್ಲಿ ಪ್ರತಿಯೊಬ್ಬಳಿಗೂ ಒಂದು ಕೆಲಸ. ಹೊಲ, ಹೈನು, ಎಣ್ಣೆ ಗಾಣ, ಮಗ್ಗ, ಅಚ್ಚುಕೂಟ. ಅಕ್ಷರ ಜೋಡಿಸುವವರೂ ಹೆಂಗಸರು, ಯಂತ್ರ ತಿರುಗಿಸುವವರೂ ಹೆಂಗಸರು. ಕುರುಡು ಹುಡುಗಿಯರಿಗೆ ಬ್ರೈಲ್ ಮತ್ತು ಬುಟ್ಟಿ ಹೆಣೆಯುವ ಕೆಲಸ. ಬೀದಿಯಿಂದ ಬಂದ ಹೆಂಗಸರಿಗೆ ಕೃಪಾ ಸದನ ಅಂತ ಬೇರೆ ಮನೆ, ಫುಲ್ಹಾಮ್‌ನಲ್ಲಿ ಕಂಡದ್ದು ಹದಿನಾರು ವರ್ಷದ ಮೇಲೆ ಇಲ್ಲಿ ಬಂತು. ಅಪ್ಪ ಮಕ್ಕಳಿಗೆ ಶಾಸ್ತ್ರ ಬಿಟ್ಟು ಒಂದು ಕಸುಬೂ ಕಲಿಸದೆ ಇಡೀ ಸಂಸಾರ ಹಸಿವಿಗೆ ಬಿತ್ತು. ಮಗಳು ಕಟ್ಟಿದ ಜಾಗದಲ್ಲಿ ಕಸುಬಿಲ್ಲದ ಕೈ ಒಂದೂ ಇರಬಾರದು ಅನ್ನುವ ನಿಯಮ. ನಂಬಿಕೆ ಹಳೆಯ ಗಾಯವನ್ನು ಮರೆಸಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಅದನ್ನು ಕೆಲಸಕ್ಕೆ ಹಚ್ಚಿತು.

1905ರ ಜೂನ್‌ನಲ್ಲಿ ಅಲ್ಲಿ ದೊಡ್ಡ ಉಜ್ಜೀವನ, ಅಂದರೆ ಎಲ್ಲರಲ್ಲೂ ಒಮ್ಮೆಲೇ ಭಕ್ತಿ ಉಕ್ಕುವುದು, ಆಯಿತು. ರಾತ್ರಿಯಿಡೀ ಪ್ರಾರ್ಥನೆ, ಅಳು, ಪಾಪ ಒಪ್ಪಿಕೊಳ್ಳುವುದು. ಪವಿತ್ರಾತ್ಮನ ಅನುಭವಕ್ಕೆ ಒತ್ತು ಕೊಡುವ ಪೆಂಟೆಕೋಸ್ಟ್ ಸಭೆಗಳ ಚರಿತ್ರೆ ಬರೆಯುವವರಿಗೆ ಇದು ಬಹಳ ಮುಖ್ಯ. ಮುಕ್ತಿಯ ಸಹಾಯಕಿ ಮಿನ್ನಿ ಏಬ್ರಮ್ಸ್ ಬರೆದು ಕಳಿಸಿದ್ದನ್ನು ಓದಿ ದೂರದ ಚಿಲಿ ದೇಶದಲ್ಲೂ ಅಂಥದೇ ಚಳವಳಿ ಶುರುವಾಯಿತು. ನನಗೆ ಮಾತ್ರ ಬೆಳಿಗ್ಗೆ ಎದ್ದು ಮತ್ತೆ ಮಗ್ಗಕ್ಕೆ ಹೋಗುತ್ತಿದ್ದರು ಅನ್ನುವುದೇ ಹೆಚ್ಚು ಹಿಡಿಸುತ್ತದೆ.

ಕೊನೆಯ ವರ್ಷಗಳು ಬೈಬಲ್ ಅನುವಾದಕ್ಕೆ ಹೋದವು. ಇದ್ದ ಮರಾಠಿ ಬೈಬಲ್ ಓದಿದರೆ ತನ್ನ ಹುಡುಗಿಯರಿಗೆ ತಿಳಿಯುವುದಿಲ್ಲ ಅಂತ, ಹೀಬ್ರೂ ಗ್ರೀಕ್ ಕಲಿತು, ತಾವೇ ಹಳ್ಳಿಯ ಹೆಂಗಸಿಗೆ ತಿಳಿಯುವ ಮರಾಠಿಗೆ ತಂದರು. ಸಂಸ್ಕೃತದ ಪಂಡಿತೆಯೇ ಸಂಸ್ಕೃತವನ್ನು ಬೇಕಂತಲೇ ದೂರ ಇಟ್ಟರು.

ಮಗಳು ಮನೋರಮಾ ಎರಡೂವರೆ ವರ್ಷದ ಕೂಸಾಗಿ ದೀಕ್ಷಾಸ್ನಾನ ಪಡೆದವಳು, ಬಾಲ್ಯವೆಲ್ಲ ಸಿಸ್ಟರ್‌ಗಳಿಗೂ ಅಮ್ಮನಿಗೂ ನಡೆದ ಜಗ್ಗಾಟದಲ್ಲಿ ಕಳೆದವಳು. ಅಮ್ಮನ ನಂಬಿಕೆಯ ಖರ್ಚಿನಲ್ಲಿ ಆಕೆಯ ಪಾಲು ಎಷ್ಟು ಅಂತ ಯಾರೂ ಕೇಳಿದ ಹಾಗಿಲ್ಲ. ಮುಕ್ತಿಯ ಅರ್ಧ ಭಾರ ಹೊತ್ತರು, ಆಗ ನಿಜಾಮರ ಸೀಮೆಯಲ್ಲಿದ್ದ ಗುಲ್ಬರ್ಗದಲ್ಲಿ, ಅಂದರೆ ಈಗಿನ ಕಲಬುರಗಿಯಲ್ಲಿ, 1910ರ ದಶಕದಲ್ಲಿ ಮಿಷನ್ನಿನ ಶಾಲೆಯನ್ನು ನಡೆಸಿದರು. 1921ರ ಜುಲೈನಲ್ಲಿ, ನಲವತ್ತನೇ ವಯಸ್ಸಿಗೇ ತೀರಿಹೋದರು. ಸುಮಾರು ಒಂಬತ್ತು ತಿಂಗಳ ನಂತರ, 1922ರ ಏಪ್ರಿಲ್ 5ರಂದು ರಮಾಬಾಯಿಯೂ ಹೋದರು. ಆ ಒಂಬತ್ತು ತಿಂಗಳೂ ಅವರು ಅನುವಾದದ ಪ್ರೂಫ್ ತಿದ್ದುತ್ತಿದ್ದರು. ಪೂರ್ತಿ ಬೈಬಲ್ ಮುಕ್ತಿಯ ಹೆಂಗಸರ ಕೈಯಿಂದಲೇ ಅಚ್ಚಾಗಿ 1924ರಲ್ಲಿ ಹೊರಬಂತು.